ಸೇವೆಯ ಅಂಕಣ

ಪರೀಕ್ಷೆಯಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದ ಹುಡುಗನೊಬ್ಬನು ವಿಶ್ವವಿದ್ಯಾನಿಲಯದ ಪ್ರವೇಶ ವಿದ್ಯಾರ್ಥಿವೇತನಕ್ಕೆ ಅರ್ಜಿ ಬರೆಯಲು ಕುಳಿತನು. ಹೆಸರು, ಊರು, ತಂದೆಯ ವರಮಾನ, ಗಳಿಸಿದ ಅಂಕಗಳು, ಇವೆಲ್ಲ ಸರಾಗವಾಗಿ ತುಂಬಿದುವು. ‘ಸಮಾಜಕ್ಕೆ ಸಲ್ಲಿಸಿದ ಸೇವೆ’ ಎಂಬ ಅಂಕಣಕ್ಕೆ ಬಂದಾಗ ಲೇಖನಿ ನಿಂತಿತು. ಕಣ್ಣು ಮಂಜಾದ ಪಕ್ಕದ ಮನೆಯ ಅಜ್ಜಿಗೆ ಔಷಧದ ಚೀಟಿಯನ್ನು ಓದಿ ಹೊತ್ತುಹೊತ್ತಿಗೆ ಮಾತ್ರೆ ಎತ್ತಿಕೊಡುತ್ತಿದ್ದವನು ಅವನೇ. ಕೆಳಗಿನ ತರಗತಿಯ ನಾಲ್ವರಿಗೆ ಸಂಜೆ ಲೆಕ್ಕ ಹೇಳಿಕೊಡುತ್ತಿದ್ದವನೂ ಅವನೇ.

“ಅಜ್ಜಿಯ ವಿಷಯ ಬರಿಯಪ್ಪ” ಎಂದಳು ತಾಯಿ.

“ಬರೆದರೆ ಅಜ್ಜಿ ಏನೆಂದುಕೊಂಡಾರಮ್ಮ?” ಎಂದು ಅವನು ತಲೆ ತಗ್ಗಿಸಿದನು.

ಈ ಅಂಕಣಕ್ಕೂ ಒಂದು ವಂಶಾವಳಿ ಉಂಟು. ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದ ಅಪಾರ ಧನವನ್ನು ಕೂಡಿಹಾಕಿದ ಸೆಸಿಲ್ ರೋಡ್ಸನು 1902ರಲ್ಲಿ ತೀರಿಕೊಂಡಾಗ, ಅವನ ಮರಣಶಾಸನದಂತೆ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿವೇತನಗಳು ಏರ್ಪಟ್ಟುವು. ಬರಿಯ ಪುಸ್ತಕದ ಹುಳುಗಳು ಅವನಿಗೆ ಬೇಕಿರಲಿಲ್ಲ. ವಿದ್ಯೆಯೊಡನೆ ಆಟದಲ್ಲಿ ಅಭಿರುಚಿ, ಸತ್ಯ, ಧೈರ್ಯ, ಕರ್ತವ್ಯನಿಷ್ಠೆ, ದುರ್ಬಲರಲ್ಲಿ ಅನುಕಂಪ, ಮುಂದಾಳುತನ, ಇವನ್ನೂ ತೂಗಿ ನೋಡಬೇಕೆಂದು ಅವನು ವಿಧಿಸಿದನು. ಕುಲ ಮತಗಳ ಕಾರಣದಿಂದ ಯಾರನ್ನೂ ತಳ್ಳಕೂಡದೆಂದೂ ಅದರಲ್ಲಿ ಬರೆದಿತ್ತು.

ಬರೆದುದು ಒಂದು, ನಡೆದುದು ಮತ್ತೊಂದು. 1907ರಲ್ಲಿ ಅಮೆರಿಕದ ಕರಿಯ ತರುಣ ಅಲೇನ್ ಲಾಕನು ಈ ವೇತನಕ್ಕೆ ಆಯ್ಕೆಯಾದಾಗ, ಆಕ್ಸ್‌ಫರ್ಡಿನ ಹಲವು ಕಾಲೇಜುಗಳು ಅವನನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಕಡೆಗೆ ಹರ್ಟ್‌ಫರ್ಡ್ ಕಾಲೇಜು ಸ್ಥಳ ಕೊಟ್ಟಿತು. ಸ್ತ್ರೀಯರಿಗಂತೂ 1970ರ ದಶಕದವರೆಗೆ ಬಾಗಿಲೇ ತೆರೆಯಲಿಲ್ಲ. ಹುಡುಗರ ಶೀಲವನ್ನು ತೂಗಲು ಕುಳಿತವರ ಶೀಲವನ್ನು ತೂಗುವವರು ಯಾರು?

ಹಾಗೆಂದು ಅಂಕಣವನ್ನೇ ಅಳಿಸಿಬಿಡಬೇಕೆಂದಲ್ಲ. ಅಂಕವೊಂದನ್ನೇ ನೋಡಿ ಹಣ ಕೊಟ್ಟರೆ, ತನ್ನ ಬುದ್ಧಿಯೆಲ್ಲ ತನಗಾಗಿಯೇ ಎಂದು ಹುಡುಗನು ತಿಳಿದಾನು. ಆದರೆ ಸೇವೆಗೆ ಬೆಲೆ ಕಟ್ಟಿದೊಡನೆ ಬೆಲೆಗಾಗಿ ಸೇವೆ ಮಾಡುವವರೂ ಹುಟ್ಟುತ್ತಾರೆ. ಒಂದು ಗಿಡ ನೆಟ್ಟು ಹತ್ತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಸಂಕೋಚದ ಹುಡುಗನ ಅಂಕಣ ಬರಿದಾಗಿಯೇ ಉಳಿಯುತ್ತದೆ. ಆದುದರಿಂದ ಈ ಪ್ರಶ್ನೆಯನ್ನು ಅರ್ಜಿದಾರನಿಗೆ ಹಾಕುವುದಕ್ಕಿಂತ ಅವನ ಉಪಾಧ್ಯಾಯರಿಗೂ ನೆರೆಹೊರೆಗೂ ಹಾಕುವುದು ಲೇಸು.

ಇಷ್ಟಾದರೂ ಹದಿನೆಂಟರ ಹರೆಯದಲ್ಲಿ ಕಾಣುವುದು ಮೊಳಕೆ ಮಾತ್ರ. ರೋಡ್ಸ್ ವೇತನದಿಂದಲೇ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದ ಗಿರೀಶ ಕಾರ್ನಾಡರು ಮುಂದೆ ಕನ್ನಡ ರಂಗಭೂಮಿಗೆ ತಂದ ಐಶ್ವರ್ಯವನ್ನು ಯಾವ ಅಂಕಣ ಊಹಿಸಬಲ್ಲುದಾಗಿತ್ತು? ಅದಕ್ಕೂ ಹಿಂದೆ, ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದ ಒಬ್ಬ ಬಡ ಹುಡುಗನನ್ನು ಮೈಸೂರು ಸರ್ಕಾರವು ವೇತನ ಕೊಟ್ಟು ಪುಣೆಗೆ ಇಂಜಿನಿಯರಿಂಗ್ ಕಲಿಯಲು ಕಳುಹಿಸಿತು. ಆತನು ದಿವಾನ ವಿಶ್ವೇಶ್ವರಯ್ಯನಾಗಿದ್ದ ಕಾಲದಲ್ಲಿ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ನಾಡು ಒಬ್ಬನಿಗೆ ಕೊಟ್ಟ ವಿದ್ಯೆಯು ಊರೂರಿನ ಮಕ್ಕಳಿಗೆ ತೆರೆದ ಬಾಗಿಲಾಗಿ ಹಿಂದಿರುಗಿತು. ವಿದ್ಯಾರ್ಥಿವೇತನವೆಂಬುದು ಮಾಡಿದ ಸೇವೆಗೆ ಕೊಟ್ಟ ಕೂಲಿಯಲ್ಲ. ಮುಂದೆ ತೀರಿಸಬೇಕಾದ ಋಣ. ಅದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಪಡೆದವನ ಮನಸ್ಸೊಂದೇ ಆಧಾರ.

ಹುಡುಗನು ಬಹಳ ಹೊತ್ತು ಯೋಚಿಸಿ, ‘ನಾಲ್ವರಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ’ ಎಂದಷ್ಟೇ ಬರೆದನು. ಅಜ್ಜಿಯ ಮಾತನ್ನು ಎತ್ತಲಿಲ್ಲ. ತಾಯಿಯೂ ಮತ್ತೆ ಒತ್ತಾಯ ಮಾಡಲಿಲ್ಲ. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಮಾತ್ರೆ ಕೊಡುವ ವೇಳೆಯೆಂದು ನೆನಪಾಗಿ, ಅರ್ಜಿಯನ್ನು ಮಡಿಸಿಟ್ಟು ಅವನು ಪಕ್ಕದ ಮನೆಗೆ ಹೊರಟನು.