ಕೆಂಪು ಬಲ್ಬು, ನೀಲಿ ಬಲ್ಬು

ಕತ್ತಲಾದರೆ ನಮ್ಮ ಬಾಲ್ಕನಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ‘ಗಿಡಗಳಿಗೂ ಆರ್ಕೆಸ್ಟ್ರಾ ಇಟ್ಟಿದ್ದೀರೇನ್ರೀ?’ ಎಂದು ಎದುರು ಮನೆಯ ಅಜ್ಜಿ ಕೇಳಿದ್ದುಂಟು. ಒಂದಷ್ಟು ಕುಂಡ, ಅವುಗಳ ಮೇಲೆ ಕೆಂಪು-ನೀಲಿ ಎಲ್‌ಇಡಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಕುಕ್ಕರುಗಾಲಲ್ಲಿ ಕೂತ ನಾನು. ನನ್ನ ಹುಚ್ಚು ಇಷ್ಟೇ.

ನೋಡುವುದಾದರೆ ಗೆಣ್ಣು ನೋಡಬೇಕು. ಬರೀ ಕೆಂಪಿನಡಿ ಬೆಳೆದ ಗಿಡದಲ್ಲಿ ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚು, ಕಾಂಡ ಸಪೂರ, ಎಲೆ ತೆಳು. ನೀಲಿ ಬೆರೆಸಿದರೆ ಅದೇ ಗಿಡ ಗಿಡ್ಡವಾಗಿ, ಗಟ್ಟಿಮುಟ್ಟಾಗಿ ನಿಲ್ಲುತ್ತದೆ. ಎಷ್ಟೋ ಗಿಡಗಳಲ್ಲಿ ರಾಸಾಯನಿಕಗಳಾದ ಫ್ಲೇವನಾಯ್ಡ್, ಆಂಥೋಸಯಾನಿನ್‌ಗಳ ತಯಾರಿಕೆಗೆ ಚುರುಕು ಮುಟ್ಟಿಸುವುದೂ ನೀಲಿಯೇ. ಅತಿನೇರಳೆ ಕಿರಣದ ಏಟು ಇನ್ನೂ ಜೋರು. ನಮಗೆ ಈ ರಾಸಾಯನಿಕಗಳು ಔಷಧ, ಗಿಡಕ್ಕೆ ಮಾತ್ರ ಬಿಸಿಲಿಗೆ ಹಿಡಿದ ಕೊಡೆ. ಕಿಟಕಿಯ ಮಾಮೂಲಿ ಗಾಜು ಅತಿನೇರಳೆ-ಬಿ ಕಿರಣವನ್ನು ಬಹುಪಾಲು ತಡೆಯುತ್ತದೆ. ಅದಕ್ಕೇ ನನ್ನ ಶಂಖಪುಷ್ಪದ ಬಳ್ಳಿಗೆ ಗಾಜಿನಾಚೆಯ ಜಾಗ. ಅದರ ಎಸಳನ್ನು ಬಿಸಿನೀರಿಗೆ ಹಾಕಿದರೆ ಕಡುನೀಲಿ, ನಿಂಬೆರಸ ಹಿಂಡಿದರೆ ನೇರಳೆ. ಆಂಥೋಸಯಾನಿನ್ ಅನ್ನು ಕಣ್ಣಾರೆ ನೋಡಲು ಪ್ರಯೋಗಾಲಯವೇನೂ ಬೇಡ.

ಕೆಂಪನ್ನು ಕಡೆಗಣಿಸುವಂತಿಲ್ಲ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಎಂಬ ವಿಜ್ಞಾನಿಗಳು ಮತ್ತು ಸಂಗಡಿಗರು ಲೆಟಿಸ್ ಬೀಜಕ್ಕೆ ಕೆಂಪು ಬೆಳಕು ತೋರಿಸಿದರು, ಮೊಳೆಯಿತು. ಕೆಂಪಿನ ಹಿಂದೆಯೇ, ಕಣ್ಣಿಗೆ ಕಂಡೂ ಕಾಣದಂಥ 730 ನ್ಯಾನೋಮೀಟರ್ ಆಸುಪಾಸಿನ ಕಡುಗೆಂಪು ತೋರಿಸಿದರೆ ಮೊಳೆಯಲೊಲ್ಲದು. ಮತ್ತೆ ಕೆಂಪು ತೋರಿಸಿದರೆ ಮತ್ತೆ ತಯಾರು! ಈ ಆಟದ ಸೂತ್ರಧಾರ ಫೈಟೋಕ್ರೋಮ್ ಎಂಬ ವರ್ಣದ್ರವ್ಯ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲಾಗಿ ಬಲ್ಬು ಉರಿಯುವುದೂ ಇದರ ಬಲದಿಂದಲೇ. ಸೇವಂತಿಗೆ ಮೊಗ್ಗಾಗಲು ಉದ್ದನೆಯ, ಅಡೆತಡೆಯಿಲ್ಲದ ರಾತ್ರಿ ಬೇಕು. ನಡುವೆ ಬೆಳಕು ಬಿದ್ದರೆ ಮೊಗ್ಗು ಮುಂದಕ್ಕೆ ಹೋಗಿ ಗಿಡ ಬೆಳೆಯುತ್ತದೆ. ನಮ್ಮ ಮನೆಯಲ್ಲಿ ಹೂ ಬೇಕಾದ ಕಾಲಕ್ಕೆ ಸೇವಂತಿಗೆ ಕುಂಡ ಸಂಜೆಯಾಗುತ್ತಲೇ ಕತ್ತಲೆ ಸ್ಟೋರ್‌ರೂಮಿಗೆ ಹೋಗುವುದು ಅದಕ್ಕೇ.

ನನಗೆ ಹೆಚ್ಚು ಸೋಜಿಗ ನಿತ್ಯಪುಷ್ಪದ್ದು. ಕತ್ತಲಲ್ಲಿ ಮೊಳೆತ ಅದರ ಸಸಿಯಲ್ಲಿ ವಿಂಡೋಲಿನ್ ಎಂಬ ರಾಸಾಯನಿಕದ ತಯಾರಿಕೆ ಅರ್ಧದಲ್ಲೇ ನಿಂತಿರುತ್ತದೆ. ಬೆಳಕು ತಾಗಿದ ಮೇಲೆ ಕೊನೆಯ ಹಂತಗಳು ನಡೆಯುತ್ತವೆ. ಅಲ್ಲಿಯೂ ಕೆಂಪು ಮುಂದಕ್ಕೆ ತಳ್ಳಿದರೆ ಕಡುಗೆಂಪು ಹಿಂದಕ್ಕೆಳೆಯುತ್ತದೆ. ವಿಂಡೋಲಿನ್ ಕ್ಯಾಥರಾಂಥಿನ್ ಎಂಬ ಇನ್ನೊಂದು ರಾಸಾಯನಿಕದ ಜೊತೆ ಕೂಡಿ ಆಗುವುದೇ ಕ್ಯಾನ್ಸರ್ ಚಿಕಿತ್ಸೆಯ ವಿನ್‌ಬ್ಲಾಸ್ಟಿನ್. ಸಮಾಧಿ, ಬೇಲಿ, ಚರಂಡಿ ಪಕ್ಕ ಎಲ್ಲೆಂದರಲ್ಲಿ ಹುಟ್ಟುವ ಈ ಗಿಡದೊಳಗೆ ಇಷ್ಟೆಲ್ಲ ಕಾರುಬಾರು!

ನಿಮಗೂ ಈ ಹುಚ್ಚು ಹಿಡಿದರೆ ಒಂದು ಮಾತು. ಗ್ರೋ ಲೈಟ್ ಕೊಳ್ಳುವಾಗ ಬರೀ ವ್ಯಾಟ್ ನೋಡಬೇಡಿ, ನೀಲಿಯ 450 ಮತ್ತು ಕೆಂಪಿನ 660 ನ್ಯಾನೋಮೀಟರ್ ಎರಡೂ ಇವೆಯೇ ಎಂದು ಪೆಟ್ಟಿಗೆಯ ಮೇಲೆ ಓದಿ. ಶಂಖಪುಷ್ಪದ ಚಹಾ ಬೇಕಾದರೆ ಕುಡಿಯಿರಿ. ನಿತ್ಯಪುಷ್ಪದ ಎಲೆ, ಹೂವನ್ನು ಮಾತ್ರ ಬಾಯಿಗೆ ಹಾಕಬೇಡಿ, ಅದು ವಿಷ.