ರುದ್ರಪಟ್ಟಣಕ್ಕೆ ಬಂದವರು, ಡ್ರೆಸ್ಡೆನ್ನಿಗೆ ಹೋದವರು

ಹಾಸನದಿಂದ ಗೊರೂರಿನ ಮೇಲೆ ಅರಕಲಗೂಡಿಗೆ ಬಂದು, ಅಲ್ಲಿಂದ ರಾಮನಾಥಪುರದ ಕಡೆಗೆ ಹೊರಟರೆ ಕಾವೇರಿಯ ದಂಡೆಯಲ್ಲಿ ರುದ್ರಪಟ್ಟಣ ಸಿಗುತ್ತದೆ. ನಕ್ಷೆಯಲ್ಲಿ ಹುಡುಕಿದರೆ ಒಂದು ಚುಕ್ಕೆ ಅಷ್ಟೆ. ಸಂಗೀತ ಬಲ್ಲವರಿಗೆ ಮಾತ್ರ ಇದು ಬಹು ದೊಡ್ಡ ಊರು. ತೊಂಬತ್ತು ದಾಟಿದ ಮೇಲೂ ಕಛೇರಿ ನಡೆಸಿ 2014ರಲ್ಲಿ ತೀರಿಕೊಂಡ ಪದ್ಮಭೂಷಣ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲಿ. ರುದ್ರಪಟ್ಟಣ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರ ಊರೂ ಇದೇ. ಇದೇ ಊರಿನ ವಿದ್ವಾನ್ ಆರ್.ಕೆ. ಪದ್ಮನಾಭ ಇಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿಸಿದ್ದಾರೆ. ಸಪ್ತಸ್ವರಗಳಿಗೆ ಮುಡಿಪಾದ ಗುಡಿ ಅದು.

ಈ ಊರನ್ನು ನೋಡಲು ಬರುವವರು ತಂಬೂರಿ ಗುಡಿಯ ಮುಂದೆ ಫೋಟೋ ತೆಗೆಸಿಕೊಂಡು, ಹೊಳೆಯಲ್ಲಿ ಕಾಲು ತೊಳೆದು ಹೊರಟುಬಿಡುತ್ತಾರೆ. ಹಳೆಯ ಮನೆಯೊಂದರ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತರೆ ಇನ್ನೊಂದು ಸಂಗತಿ ಕಿವಿಗೆ ಬೀಳುತ್ತದೆ. ಬಂದವರೊಡನೆ ಅಪ್ಪಟ ಕನ್ನಡ ಆಡುವ ಹಿರಿಯರು ಒಳಗೆ ತಿರುಗಿ ಮನೆಯವರೊಡನೆ ಆಡುವ ಮಾತು ಕನ್ನಡವಲ್ಲ. ತಮಿಳೆನ್ನೋಣವೆಂದರೆ ತಮಿಳೂ ಅಲ್ಲ. ನಡುವೆ ಮಲಯಾಳದ ಎಳೆ, ಮೇಲೆ ಕನ್ನಡದ ಹೊದಿಕೆ. ಅದು ಸಂಕೇತಿ. ಅದಕ್ಕೆ ತನ್ನದೇ ಲಿಪಿಯಿಲ್ಲ. ಬರೆಯಬೇಕಾದರೆ ಕನ್ನಡ ಅಕ್ಷರವನ್ನೇ ಹಿಡಿಯಬೇಕು.

ಸಂಕೇತಿಗಳು ಇಂದಿನ ತಮಿಳುನಾಡಿನ ಶೆಂಗೋಟೆಯ ಕಡೆಯಿಂದ ಕೆಲವು ಶತಮಾನಗಳ ಹಿಂದೆ ಬಂದವರು. ನಾಚಾರಮ್ಮನೆಂಬ ವಿದ್ಯಾವಂತೆ ಊರಿನವರಿಂದ ಅವಮಾನಗೊಂಡು, ಶಪಿಸಿ ಹೊರಟಳೆಂದೂ ಅವಳ ಹಿಂದೆ ಒಂದಷ್ಟು ಕುಟುಂಬಗಳು ಬೆಟ್ಟ ದಾಟಿ ನಡೆದವೆಂದೂ ಅವರ ಮನೆಗಳಲ್ಲಿ ಕಥೆ ಹೇಳುತ್ತಾರೆ. ಕಥೆಯಲ್ಲಿ ಇತಿಹಾಸವೆಷ್ಟೋ ಬೆಳೆದದ್ದೆಷ್ಟೋ, ಹಾಸನದ ಹತ್ತಿರದ ಕೌಶಿಕ ಮತ್ತು ಪಿರಿಯಾಪಟ್ಟಣದ ಬೆಟ್ಟದಪುರ ಅವರ ಮೊದಲ ನೆಲೆಗಳೆಂಬುದು ಎಲ್ಲರೂ ಒಪ್ಪುವ ಮಾತು. ದಾರಿಯಲ್ಲಿ ಸಿಗುವ ಗೊರೂರಿನ ಕಥೆಯೂ ಬೇರೆಯಲ್ಲ. ಅಲ್ಲಿನ ಅಯ್ಯಂಗಾರ್ ಮನೆತನಗಳ ಮನೆಮಾತು ತಮಿಳಿನದೇ ಒಂದು ಕವಲು. ಆ ಊರಿನಲ್ಲಿ 1904ರಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರರು ಕನ್ನಡದ ಹಳ್ಳಿಯನ್ನು ಬರೆದಷ್ಟು ಸೊಗಸಾಗಿ ಬರೆದವರು ಎಷ್ಟು ಮಂದಿ ಇದ್ದಾರೆ?

ಬಂದವರು ಇಷ್ಟು ಸಲೀಸಾಗಿ ನೆಲೆ ನಿಂತದ್ದಕ್ಕೆ ಕಾರಣವೂ ಇದೆ. ಅದನ್ನು ಮರೆಮಾಚಬಾರದು. ಅವರು ವೇದ ಓದಿದವರಾಗಿ ಬಂದರು. ಅಂಥವರಿಗೆ ಅಗ್ರಹಾರ ಕಟ್ಟಿಸಿ, ಭೂಮಿ ಬಿಟ್ಟುಕೊಡುವ ಪದ್ಧತಿ ಅರಸರ ಕಾಲದಲ್ಲಿತ್ತು. ಕೂಲಿಗೆ ಬಂದವನಿಗೆ ಯಾವ ಕಾಲದಲ್ಲೂ, ಯಾವ ದೇಶದಲ್ಲೂ ಆ ಮರ್ಯಾದೆ ಸಿಕ್ಕಿಲ್ಲ.

ಈಗ ಹಾಸನ ಜಿಲ್ಲೆಯ ಮನೆಗಳೇ ಮಕ್ಕಳನ್ನು ಹೊರಗೆ ಕಳಿಸುತ್ತಿವೆ. ಎಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರಿಗೆ ಅಮೆರಿಕದಷ್ಟೇ ಜರ್ಮನಿಯೂ ಹತ್ತಿರವಾಗಿದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಬಹಳ ಕಡಿಮೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 49 ಸಾವಿರ. ವಿದೇಶಿ ವಿದ್ಯಾರ್ಥಿಗಳಲ್ಲಿ ಅವರದೇ ದೊಡ್ಡ ಗುಂಪು. ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಚಿಪ್ ಕಾರ್ಖಾನೆಗಳಿಗೂ ಹೆಸರಾದ ಡ್ರೆಸ್ಡೆನ್ ಅವರು ಹೋಗುವ ಊರುಗಳಲ್ಲೊಂದು. ಅದೇ ಡ್ರೆಸ್ಡೆನ್ನಿನ ಬೀದಿಯಲ್ಲಿ 2014ರ ಅಕ್ಟೋಬರಿನಲ್ಲಿ ‘ಪೆಗಿಡಾ’ ಎಂಬ ಚಳವಳಿ ಹುಟ್ಟಿತು. ಸೋಮವಾರ ಸಂಜೆಯಾದರೆ ಮೆರವಣಿಗೆ. 2015ರ ಜನವರಿಯ ಒಂದು ಸಂಜೆ ಸೇರಿದವರು ಸುಮಾರು 25 ಸಾವಿರ. ವಲಸೆ ನಿಲ್ಲಲಿ, ಮುಸ್ಲಿಮರು ಬರುವುದು ಬೇಡ ಎಂಬುದು ಬೇಡಿಕೆ. ‘ನಾವೇ ಜನತೆ’ ಎಂಬುದು ಘೋಷಣೆ. 1989ರಲ್ಲಿ ಅದೇ ಪೂರ್ವ ಜರ್ಮನಿಯ ಜನ ಕಮ್ಯುನಿಸ್ಟ್ ಸರ್ಕಾರದೆದುರು ಸ್ವಾತಂತ್ರ್ಯ ಕೇಳಿ ಕೂಗಿದ ಮಾತು ಅದು. ಇಪ್ಪತ್ತೈದು ವರ್ಷದಲ್ಲಿ ಅದರ ಮೊನೆ ಅರಮನೆಯ ಕಡೆಯಿಂದ ನೆರೆಮನೆಯ ಕಡೆಗೆ ತಿರುಗಿತ್ತು. 2025ರ ಫೆಬ್ರುವರಿಯ ಚುನಾವಣೆಯಲ್ಲಿ ವಲಸೆ ವಿರೋಧಿ ತೀವ್ರ ಬಲಪಂಥೀಯ ಪಕ್ಷ ಎ.ಎಫ್.ಡಿ. ದೇಶದಲ್ಲಿ ಎರಡನೆಯ ಸ್ಥಾನಕ್ಕೇರಿತು. ಡ್ರೆಸ್ಡೆನ್ ಇರುವ ಸ್ಯಾಕ್ಸನಿ ರಾಜ್ಯದಲ್ಲಿ ಅದಕ್ಕೇ ಮೊದಲ ಸ್ಥಾನ.

ವಲಸಿಗರು ಹೆಚ್ಚಾದಲ್ಲಿ ಸಿಟ್ಟು ಹೆಚ್ಚೆಂದು ಯಾರಾದರೂ ಊಹಿಸಿಯಾರು. ವಾಸ್ತವ ಹಾಗಿಲ್ಲ. ಪಶ್ಚಿಮದ ಫ್ರಾಂಕ್‌ಫರ್ಟ್, ಸ್ಟಟ್‌ಗಾರ್ಟ್‌ಗಳಿಗೆ ಹೋಲಿಸಿದರೆ ಪೂರ್ವದಲ್ಲಿ ಹೊರಗಿನವರು ಕಡಿಮೆ. 1990ರ ಏಕೀಕರಣದ ನಂತರ ಅಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿದವು, ಓದಿದ ಮಕ್ಕಳು ಪಶ್ಚಿಮಕ್ಕೆ ಹೊರಟುಹೋದರು. ಉಳಿದವರ ಕಣ್ಣಿಗೆ ಬಿದ್ದವರು ತಮಗಿಂತ ಬಡವರು. ರೋಸ್ಟಾಕ್ ನಗರದ ಲಿಷ್ಟೆನ್‌ಹಾಗೆನ್ ಬಡಾವಣೆಯಲ್ಲಿ 1992ರ ಆಗಸ್ಟಿನಲ್ಲಿ ನಡೆದದ್ದನ್ನು ಜರ್ಮನ್ನರು ಇಂದಿಗೂ ತಲೆತಗ್ಗಿಸಿ ನೆನೆಯುತ್ತಾರೆ. ನೂರಕ್ಕೂ ಹೆಚ್ಚು ವಿಯೆಟ್ನಾಮೀಯರಿದ್ದ ಕಟ್ಟಡಕ್ಕೆ ಪುಂಡರು ಬೆಂಕಿಯಿಟ್ಟರು. ಕೆಳಗೆ ನಿಂತ ಸಾವಿರಾರು ಮಂದಿಯಲ್ಲಿ ಅನೇಕರು ಚಪ್ಪಾಳೆ ತಟ್ಟಿದರು. ಒಳಗಿದ್ದವರು ಮಾಳಿಗೆ ಹತ್ತಿ ಜೀವ ಉಳಿಸಿಕೊಂಡರು. ಆ ವಿಯೆಟ್ನಾಮೀಯರೇನೂ ಕದ್ದು ನುಸುಳಿದವರಲ್ಲ. ದುಡಿಯಲು ಆಳು ಸಾಲದೆಂದು ಹಳೆಯ ಪೂರ್ವ ಜರ್ಮನಿಯೇ ಕರಾರು ಮಾಡಿಕೊಂಡು ಕರೆತಂದಿದ್ದ ಕೆಲಸಗಾರರು.

ಇಂಗ್ಲೆಂಡಿನಲ್ಲಿ 2024ರ ಜುಲೈ 29ರಂದು ಸೌತ್‌ಪೋರ್ಟ್ ಊರಿನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾಯಿತು. ಕೊಂದವನು ಆಶ್ರಯ ಬೇಡಿ ಬಂದ ಮುಸ್ಲಿಮನೆಂಬ ಸುಳ್ಳು ಹಬ್ಬಿತು. ಅವನು ಬ್ರಿಟನ್ನಿನ ಕಾರ್ಡಿಫ್‌ನಲ್ಲೇ ಹುಟ್ಟಿದವನು. ಸುಳ್ಳು ಬಯಲಾಗುವಷ್ಟರಲ್ಲಿ ಮಸೀದಿಗೆ ಕಲ್ಲು ಬಿದ್ದಿತ್ತು. ಆಗಸ್ಟ್ 4ರಂದು ರಾಥರ್‌ಹ್ಯಾಮ್ ಬಳಿ ಆಶ್ರಯಾರ್ಥಿಗಳಿದ್ದ ಹೋಟೆಲಿಗೆ ಬೆಂಕಿ ಹಚ್ಚುವ ಪ್ರಯತ್ನವೂ ನಡೆಯಿತು. ಮೂರು ದಿನದ ಬಳಿಕ ಅದೇ ದೇಶದ ಹಲವು ನಗರಗಳಲ್ಲಿ ಸಾವಿರಾರು ಜನ ವಲಸಿಗರ ಪರವಾಗಿ ಬೀದಿಗಿಳಿದದ್ದೂ ನಿಜ. ಮಕ್ಕಳನ್ನು ಕಳಿಸಿರುವ ತಂದೆತಾಯಿ ಟಿ.ವಿ.ಯಲ್ಲಿ ಮೊದಲನೆಯದನ್ನು ಮಾತ್ರ ಕಂಡು ನಿದ್ದೆಗೆಡುತ್ತಾರೆ. ಆ ಕಳವಳ ಸುಳ್ಳಿನದೇನಲ್ಲ. ಐರ್ಲೆಂಡಿನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದಾಗ ಡಬ್ಲಿನ್ನಿನ ನಮ್ಮ ರಾಯಭಾರ ಕಚೇರಿಯೇ 2025ರ ಆಗಸ್ಟಿನಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು.

ಆದರೆ ಸುಳ್ಳುಸುದ್ದಿಗೆ ಬೆದರಿ ಗಂಟುಮೂಟೆ ಕಟ್ಟಿದವರನ್ನು ನೋಡಲು ಕಡಲು ದಾಟಬೇಕಾಗಿಲ್ಲ. ಅಸ್ಸಾಮಿನ ಕೋಕ್ರಝಾರ್ ಗಲಭೆಯ ಬೆನ್ನಿಗೆ, 2012ರ ಆಗಸ್ಟಿನಲ್ಲಿ, ಎಸ್ಸೆಮ್ಮೆಸ್ಸಿನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಅದಕ್ಕೂ ಹಿಂದೆ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾದ ಮರುದಿನ, 1991ರ ಡಿಸೆಂಬರ್ 12ರಿಂದ ಬೆಂಗಳೂರು, ಮೈಸೂರುಗಳಲ್ಲಿ ತಮಿಳರ ಮೇಲೆ ಹಲ್ಲೆಗಳಾದವು. ತಲೆಮಾರಿನಿಂದ ಇಲ್ಲೇ ದುಡಿಯುತ್ತಿದ್ದವರೂ ಊರು ಬಿಟ್ಟು ಓಡಿದರು. ಜಗಳವಿದ್ದದ್ದು ನೀರಿನ ಲೆಕ್ಕದಲ್ಲಿ, ಪೆಟ್ಟು ಬಿದ್ದದ್ದು ಕೂಲಿಯವನ ಗುಡಿಸಲಿಗೆ.

ಹಾಸನದಿಂದ ಪಶ್ಚಿಮಕ್ಕೆ ನಲವತ್ತು ಕಿಲೋಮೀಟರ್ ಹೋದರೆ ಸಕಲೇಶಪುರ. ಇಲ್ಲಿನ ಕಾಫಿಯೇ ಹೊರಗಿನದು. ಗ್ರೀನ್ ಎಂಬ ಇಂಗ್ಲಿಷ್ ದೊರೆ ಮಂಜರಾಬಾದಿನ ಸೀಮೆಯಲ್ಲಿ ತೋಟ ಮಾಡಿದ್ದು 1843ರ ಸುಮಾರಿಗೆ. ಕಾಫಿ ಗಿಡದ ಹಿಂದೆಯೇ ಆಳುಗಳೂ ಹೊರಗಿನಿಂದ ಬಂದರು: ಘಟ್ಟದ ಕೆಳಗಿನವರು, ತಮಿಳು ಸೀಮೆಯವರು. ಅವರ ಮೊಮ್ಮಕ್ಕಳು ಈಗ ತೋಟದ ಕೆಲಸ ಒಲ್ಲೆನೆಂದು ಬೆಂಗಳೂರಿನ ದಾರಿ ಹಿಡಿದಿದ್ದಾರೆ. ಖಾಲಿಯಾದ ಲೈನುಗಳಿಗೆ ಅಸ್ಸಾಮಿನವರು ಬಂದಿದ್ದಾರೆ. ನವೆಂಬರಿನಲ್ಲಿ ಅರೇಬಿಕಾ ಕೆಂಪಾಗುವುದರಿಂದ ಹಿಡಿದು ಮಾರ್ಚಿನ ತನಕ ರೊಬಸ್ಟಾ ಮುಗಿಯುವವರೆಗೆ ಅವರಿಲ್ಲದೆ ಅನೇಕ ತೋಟಗಳ ಹಣ್ಣು ಕಣಕ್ಕೆ ಬರುವುದಿಲ್ಲ.

ಅವರಲ್ಲಿ ಬಂಗಾಳಿ ಆಡುವವರೂ ಉಂಟು. ಆ ಮಾತು ಕಿವಿಗೆ ಬಿದ್ದೊಡನೆ ‘ಬಾಂಗ್ಲಾದವರು’ ಎಂಬ ಹೆಸರು ಅಂಟುತ್ತದೆ. ಗಡಿ ದಾಟಿ ಅಕ್ರಮವಾಗಿ ಬಂದವರಿದ್ದರೆ ಪತ್ತೆ ಹಚ್ಚುವುದು ಪೊಲೀಸರ ಕೆಲಸ. ಆಧಾರ್ ಚೀಟಿ ಇಟ್ಟುಕೊಳ್ಳಿರೆಂದು ಅವರು ತೋಟದ ಮಾಲೀಕರಿಗೆ ಹೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಬಂಗಾಳಿ ಆಡುವ ಲಕ್ಷಾಂತರ ಭಾರತೀಯರು ಅಸ್ಸಾಮಿನಲ್ಲೇ ಇದ್ದಾರೆ. ದೇಶದ ಯಾವ ಮೂಲೆಯಲ್ಲಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಅವರಿಗೂ ಕೊಟ್ಟಿದೆ. ಆಡುವ ಮಾತಿನಿಂದ ಪೌರತ್ವ ಅಳೆಯಲು ಹೊರಟರೆ ರುದ್ರಪಟ್ಟಣದ ಅಡುಗೆಮನೆಗಳನ್ನೂ ಶೋಧಿಸಬೇಕಾದೀತು!

ಸ್ಥಳೀಯ ಕೂಲಿಯವರದೂ ಒಂದು ದೂರಿದೆ. ಇವರು ಕಡಿಮೆಗೆ ಒಪ್ಪಿಕೊಂಡರೆ ನಮ್ಮ ಕೂಲಿ ಏರುವುದು ಹೇಗೆ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡಬೇಕಾದವರು ಕೂಲಿ ಗೊತ್ತು ಮಾಡುವ ಮಾಲೀಕರು, ಕನಿಷ್ಠ ಕೂಲಿಯ ಕಾಯಿದೆ ಜಾರಿ ಮಾಡಬೇಕಾದ ಅಧಿಕಾರಿಗಳು. ಸಾವಿರಾರು ಕಿಲೋಮೀಟರ್ ರೈಲಿನಲ್ಲಿ ಕುಳಿತು ಬಂದವನ ಕೈಯಲ್ಲಿ ಆ ಲೆಕ್ಕದ ಪುಸ್ತಕ ಇಲ್ಲ.

ಕುಯ್ಲು ಮುಗಿದ ಮೇಲೆ ಬಹಳ ಮಂದಿ ಊರಿಗೆ ಮರಳುತ್ತಾರೆ. ಮರಗಸಿಗೆ, ಗೊಬ್ಬರಕ್ಕೆ ಆಳು ಬೇಕಲ್ಲ, ಕೆಲವರು ಹೆಂಡತಿ ಮಕ್ಕಳೊಡನೆ ಲೈನಿನಲ್ಲೇ ಉಳಿಯುತ್ತಾರೆ. ಜೂನ್ ಬಂದಾಗ ಆ ಮಕ್ಕಳಲ್ಲಿ ಒಬ್ಬಿಬ್ಬರು, ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಹತ್ತಿರದ ಸರ್ಕಾರಿ ಶಾಲೆಯ ದಾರಿ ಹಿಡಿಯುತ್ತಾರೆ. ಅಲ್ಲಿ ಪಾಠ ಶುರುವಾಗುವುದು ಅ, ಆ, ಇ, ಈಯಿಂದ.