ಈಶಾನ್ಯಾಭಿಮುಖ

ಮಾನ್ವಿಯ ನಮ್ಮ ಮನೆಯ ಮಾಳಿಗೆಯ ಮೇಲೆ, ಕಬ್ಬಿಣದ ಕೊಳವೆಯೊಂದರ ತುದಿಯಲ್ಲಿ, ಮೀನಿನ ಎಲುಬುಗೂಡಿನಂತೆ ಹರಡಿಕೊಂಡು, ಬಿಸಿಲಿಗೆ ಬಣ್ಣಗೆಟ್ಟು, ಮಂಗಗಳಿಗೆ ಉಯ್ಯಾಲೆಯಾಗಿ ಎರಡು ಕಡ್ಡಿಗಳನ್ನು ಬಾಗಿಸಿಕೊಂಡು ಇಂದಿಗೂ ನಿಂತಿರುವ ಆಂಟೆನಾವನ್ನು ಕಂಡವರು, “ಇದನ್ನ ಇನ್ನಾ ಯಾಕ ಇಟ್ಟೀರಿ? ಗುಜರಿಗೆ ಹಾಕ್ರಿ” ಎನ್ನುತ್ತಾರೆ. ಅವರಿಗೆ ನಾನು ಉತ್ತರ ಕೊಡಹೋಗುವುದಿಲ್ಲ. ಸಂಗೀತವನ್ನರಿಯದವನ ಕಣ್ಣಿಗೆ ತಂಬೂರಿಯು ಸೋರೆಬುರುಡೆಯಾಗಿ ಕಾಣುವುದು ಸಹಜವೇ.

ನಮ್ಮ ಸೀಮೆಗೆ ದೂರದರ್ಶನವು ಮೊದಲು ಅವತರಿಸಿದ್ದು ಆಕಾಶಮಾರ್ಗದಿಂದ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದಾಗ, ಗುಲಬರ್ಗಾ, ಬಿಜಾಪುರಗಳೊಡನೆ ರಾಯಚೂರು ಜಿಲ್ಲೆಯ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಅಮೆರಿಕದ ಎಟಿಎಸ್-6 ಉಪಗ್ರಹವು ಸುಮಾರು 36,000 ಕಿ.ಮೀ. ಎತ್ತರದಿಂದ ಸುರಿಸಿದುದನ್ನು 3 ಮೀಟರ್ ಅಗಲದ ತಂತಿಬಲೆಯ ಬೋಗುಣಿಗಳು ಹಿಡಿದುಕೊಡುತ್ತಿದ್ದವು. ಮುಂದೆ ರಾಯಚೂರಿನ ಅಲ್ಪಶಕ್ತಿ ಪ್ರೇಷಕದ ಕಾಲ ಬಂದಾಗಲಾದರೋ, ಅಷ್ಟು ದೂರವನ್ನು ನಿರಾಯಾಸವಾಗಿ ದಾಟಿದ್ದ ಚಿತ್ರವು ಮಾನ್ವಿಯವರೆಗಿನ ನಲವತ್ತು ಚಿಲ್ಲರೆ ಕಿ.ಮೀ. ದಾಟಲಾರದೆ ಏದುಸಿರುಬಿಡತೊಡಗಿತು! ಉಪಗ್ರಹವು ನಮ್ಮ ನೇರನೋಟದಲ್ಲಿತ್ತು. ರಾಯಚೂರಿನ ಗೋಪುರವೋ ಭೂಮಿಯ ಬೆನ್ನಿನ ಉಬ್ಬಿನಾಚೆ ಮರೆಯಾಗಿತ್ತು. 9 ಮೀಟರ್ ಕಂಬದ ತುದಿಗೆ ರೇಡಿಯೋ ಅಲೆಗಳ ದಿಗಂತವು ಸುಮಾರು 12 ಕಿ.ಮೀ. ಮಾತ್ರ, ಆ ದಿಗಂತವನ್ನು ಇಮ್ಮಡಿಗೊಳಿಸಬೇಕಾದರೆ ಕಂಬವನ್ನು ನಾಲ್ಕು ಪಟ್ಟು ಎತ್ತರಿಸಬೇಕೆಂಬ ಲೆಕ್ಕವನ್ನು ತಿಳಿದ ದಿನವೇ ಕಂಬದ ಮೇಲಿನ ನನ್ನ ವ್ಯಾಮೋಹ ಇಳಿದು, ಆಂಟೆನಾದ ಮೇಲಿನ ಒಲವು ಹುಟ್ಟಿತು.

ರಾಯಚೂರಿನ ತೀನ್ ಕಂದೀಲಿನ ಬಳಿಯ ಅಂಗಡಿಯಲ್ಲಿ, “ಕಡ್ಡಿ ಎಷ್ಟು ಜಾಸ್ತಿನೋ ಚಿತ್ರ ಅಷ್ಟು ಚಲೋ ನೋಡ್ರಿ” ಎಂದು ವ್ಯಾಪಾರಿ ಹೇಳಿದ್ದು ಅರ್ಧಸತ್ಯ. ಜಪಾನಿನ ಯಾಗಿ ಮತ್ತು ಉಡಾ ಎಂಬ ಪಂಡಿತರು 1926ರಲ್ಲಿ ಲೋಕಕ್ಕೆ ತಿಳಿಸಿದ ಈ ರಚನೆಯಲ್ಲಿ ತಂತಿಗೆ ಸಂಬಂಧವುಳ್ಳ ಕಡ್ಡಿ ಒಂದೇ. ಅದರ ಬೆನ್ನಿಗೆ ತುಸು ಉದ್ದವಾದ ಪ್ರತಿಫಲಕ, ಮುಂದುಗಡೆ ತುಸು ಗಿಡ್ಡನೆಯ ನಿರ್ದೇಶಕಗಳ ಸಾಲು. ಕಡ್ಡಿಯ ಉದ್ದವು ಹಿಡಿಯಬೇಕಾದ ಅಲೆಯ ಅರ್ಧದಷ್ಟಿರಬೇಕಾದುದರಿಂದ, 60 ಮೆಗಾಹರ್ಟ್ಸ್ ಚಾನೆಲ್ಲಿಗೆ ಅದು ಎರಡೂವರೆ ಮೀಟರಿನಷ್ಟಾದರೆ 200ಕ್ಕೆ ಮುಕ್ಕಾಲು ಮೀಟರು ಸಾಕು. ಹಾಗಾಗಿ ಚಾನೆಲ್ ಯಾವುದೆಂದು ಕೇಳದೆ ಆಂಟೆನಾ ಕೊಳ್ಳುವುದು ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದಂತೆ. ನಿರ್ದೇಶಕಗಳನ್ನು ಹೆಚ್ಚಿಸುತ್ತ ಹೋದಂತೆ ಒಂದೊಂದರಿಂದ ಬರುವ ಲಾಭ ಕುಗ್ಗುವುದು. ಗಾಳಿಗೆ ಬೀಳುವ ಹೊಡೆತ ಮಾತ್ರ ಕುಗ್ಗದು. ಎಲ್ಲಕ್ಕಿಂತ ಸೋಜಿಗವೆಂದರೆ, ಈ ಯಂತ್ರವು ಎಳ್ಳಷ್ಟೂ ಶಕ್ತಿಯನ್ನು ತಾನಾಗಿ ಸೃಷ್ಟಿಸುವುದಿಲ್ಲ. ಉಳಿದ ದಿಕ್ಕುಗಳಿಗೆಲ್ಲ ಕಿವುಡಾಗಿ, ಆ ಕಿವುಡುತನದ ಫಲವಾಗಿಯೇ ಒಂದು ದಿಕ್ಕಿಗೆ ಸೂಕ್ಷ್ಮಶ್ರವಣವನ್ನು ಪಡೆಯುತ್ತದೆ.

ಆರು ಕಡ್ಡಿಯದನ್ನು ಆರಿಸಿ, ಬಸ್ಸಿನ ಮೇಲೆ ಕಟ್ಟಿ ಊರಿಗೆ ತಂದೆನು. ‘ಬೂಸ್ಟರ್’ ಎಂಬ ಡಬ್ಬಿಯನ್ನು ಟಿವಿಯ ಪಕ್ಕದಲ್ಲಿಟ್ಟರೆ, ದಾರಿಯಲ್ಲಿ ಸವೆದ ಚಿತ್ರದೊಡನೆ ಸೇರಿಕೊಂಡ ಗದ್ದಲವನ್ನೂ ಅದು ಸಮದೃಷ್ಟಿಯಿಂದ ಹಿಗ್ಗಿಸುವುದೆಂದೂ, ಅದರ ನಿಜವಾದ ಸ್ಥಾನ ಕಂಬದ ತುದಿಯೆಂದೂ ಕಲಿಯಲು ಒಂದು ಬೇಸಿಗೆ ಹಿಡಿಯಿತು. ಚಪ್ಪಟೆ ವೈರನ್ನು ಕಬ್ಬಿಣದ ಕೊಳವೆಗೆ ಒತ್ತಿ ಬಿಗಿಯಬಾರದೆಂದು ಕಲಿಯಲು ಮತ್ತೊಂದು.

ಆದರೆ ಈ ವಿದ್ಯೆಯ ಸಾರಸರ್ವಸ್ವವಿದ್ದುದು ದಿಕ್ಕು ಹಿಡಿಯುವುದರಲ್ಲಿ. ಮಾಳಿಗೆಯ ಮೇಲೆ ನಾನು, ಅಂಗಳದಲ್ಲಿ ತಮ್ಮ, ಪಡಸಾಲೆಯಲ್ಲಿ ಟಿವಿಯ ಮುಂದೆ ಅಜ್ಜಿ. “ಬಂತೇನೋ?” ಎಂಬ ನನ್ನ ಕೂಗು ಎರಡು ಬಾಯಿ ದಾಟಿ ಒಳಹೊಕ್ಕು, “ಬಂತು, ಬಂತು... ಹೋತಣ್ಣಾ!” ಎಂದು ಹಿಂದಿರುಗುವಷ್ಟರಲ್ಲಿ ನಾನು ಸರಿಯಾದ ಬಿಂದುವನ್ನು ದಾಟಿರುತ್ತಿದ್ದೆನು. ನಮಗೆ ರಾಯಚೂರು ಈಶಾನ್ಯಕ್ಕಿದ್ದುದರಿಂದ ಅಜ್ಜಿಗೆ ಪರಮಸಂತೋಷ: “ದೇವ್ರ ಮೂಲಿಗೇ ಮಾರಿ ಮಾಡೈತಿ, ಬಿಡು!” ದೇವದುರ್ಗದ ಸೋದರಮಾವನ ಪಾಡು ಬೇರೆ, ಅಲ್ಲಿಗೆ ರಾಯಚೂರು ಆಗ್ನೇಯ. “ನಿಮ್ಮದು ದೇವ್ರ ಮೂಲಿ, ನಮ್ಮದು ಒಲಿ ಮೂಲಿ, ಅದಕ್ಕ ನಮ್ಮ ಟಿವಿ ತುಂಬ ಬರೇ ಹೊಗಿ” ಎಂದು ನಗುತ್ತಿದ್ದ ಮಾವ, ಕಡೆಗೆ ಹಟಕ್ಕೆ ಬಿದ್ದು, 1977ರಿಂದ ನಡೆಯುತ್ತಿದ್ದ, ಉತ್ತರಕ್ಕೆ ನೂರು ಕಿ.ಮೀ. ದೂರದ ಗುಲಬರ್ಗಾ ಕೇಂದ್ರದತ್ತ ಇನ್ನೊಂದು ಉದ್ದನೆಯ ಆಂಟೆನಾವನ್ನು ತಿರುಗಿಸಿಟ್ಟರು. ನೆಲ ತಣ್ಣಗಾಗಿ ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಹಾಸಿಕೊಳ್ಳುವ ಚಳಿಗಾಲದ ಮುಂಜಾವಿನಲ್ಲಿ, ದಿಗಂತದಾಚೆಯ ಅಲೆಗಳು ಬಾಗಿ ಬಂದು ಚಿತ್ರವು ಕನ್ನಡಿಯಂತೆ ಮೂಡುವುದು, ಹೊತ್ತೇರಿದಂತೆ ಕರಗುವುದು. ಮಾವ ಆ ಅರ್ಧ ಗಂಟೆಗಾಗಿ ಕಂಬಳಿ ಹೊದ್ದು ಕಾಯುತ್ತಿದ್ದರು. ಪರದೆಯ ಮೇಲೆ ಏನು ಬಂದಿತೆಂದು ಕೇಳಿದರೆ ಅವರಿಗೆ ನೆನಪಿರುತ್ತಿರಲಿಲ್ಲ, ಎಷ್ಟು ಸ್ವಚ್ಛವಾಗಿ ಬಂದಿತೆಂಬುದಷ್ಟೇ ನೆನಪು.

ಕಳೆದ ಮಿರಗದ ಬಿರುಗಾಳಿಗೆ ಆಂಟೆನಾ ಪಡುವಣಕ್ಕೆ ತಿರುಗಿಕೊಂಡಿತು. ನಾಡಿನ ಇಂಥ ಪ್ರೇಷಕಗಳಲ್ಲಿ ಬಹುಪಾಲು 2022ರ ಹೊತ್ತಿಗೇ ಮೌನವಾಗಿದ್ದವು. ಅಜ್ಜಿಯಿಲ್ಲ, ಮಾವನಿಲ್ಲ, ಆ ಟಿವಿಯೂ ಇಲ್ಲ. ಆದರೂ ಪಾನಾ ಹಿಡಿದು ಮಾಳಿಗೆಯೇರಿ, ನಟ್ಟು ಸಡಿಲಿಸಿ, ಕೊಳವೆಯನ್ನು ಮೆಲ್ಲಮೆಲ್ಲನೆ ಈಶಾನ್ಯಕ್ಕೆ ತಿರುಗಿಸುತ್ತ, ಹಳೆಯ ಅಭ್ಯಾಸಬಲದಿಂದ “ಬಂತೇನೋ?” ಎಂದು ಕೂಗಿಬಿಟ್ಟೆನು. ಅಂಗಳದಲ್ಲಿ ಪೇಪರು ಓದುತ್ತಿದ್ದ, ತಲೆ ನರೆತ ನನ್ನ ತಮ್ಮ ಕಣ್ಣೆತ್ತದೆಯೇ ಹೇಳಿದನು: “ಇನ್ನಾ ಸ್ವಲ್ಪ ಬಲಕ್ಕಣ್ಣಾ.”